ದಾರವಿಲ್ಲದ ಸೈಕಲ್ಲು

ಗಾಳಿಯಣ್ಣನಿಗೆ ಆ ಹೆಸರು ಬಂದದ್ದು ಪಂಪಿನಿಂದ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಹಾಲಿನವರು, ಶಾಲೆಯ ಮಕ್ಕಳು, ಕಾರ್ಖಾನೆಯ ಮೊದಲ ಪಾಳಿಗೆ ಓಡುವವರು ಬಂದು ‘ಅಣ್ಣಾ, ಗಾಳಿ’ ಎಂದು ಕೂಗುತ್ತಿದ್ದರು. ಕೂಗಿ ಕೂಗಿ ಎರಡು ಮಾತು ಸೇರಿ ಒಂದಾಯಿತು. ಅವನ ನಿಜವಾದ ಹೆಸರು ಹೆಂಡತಿಗೂ ಕಾಗದಪತ್ರ ತೆಗೆದಾಗಲೇ ನೆನಪಾಗುತ್ತಿತ್ತು. ಆಗದವರು ಅವನಿಗೆ ಗಾಳಿ ಹಿಡಿದಿದೆ ಎಂದೂ ಹೇಳುತ್ತಿದ್ದರು. ಅದರಲ್ಲೂ ಸ್ವಲ್ಪ ನಿಜವಿತ್ತು. ತನ್ನ ಕೆಲಸದ ವಿಷಯ ಬಂದರೆ ಗಾಳಿಯಣ್ಣನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಊರೆಲ್ಲ ಅಣ್ಣ ಎನ್ನುವ ಅವನನ್ನು ಅಣ್ಣ ಎನ್ನಬೇಕಾದವನು ಒಬ್ಬನೇ ಒಬ್ಬನಿದ್ದ. ಅವನು ಮಾತ್ರ ಹನ್ನೊಂದು ವರ್ಷದಿಂದ ಅನ್ನುತ್ತಿರಲಿಲ್ಲ. ಅವನು ಒಡಹುಟ್ಟಿದ ತಮ್ಮ. ಅವನದೂ ಸೈಕಲ್ ಅಂಗಡಿಯೇ, ರಸ್ತೆಯ ಆಚೆ ಬದಿಗೆ, ಸರಿಯಾಗಿ ಎದುರಿಗೆ. ಒಬ್ಬ ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿದರೆ ಗುಳ್ಳೆ ಎಲ್ಲೆದ್ದಿತು ಎಂದು ಇನ್ನೊಬ್ಬನಿಗೆ ಕಾಣುವಷ್ಟು ಹತ್ತಿರ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಇವರು ದಾಯಾದಿಗಳಾಗಲು ಆಸ್ತಿಯ ಜಗಳವೇನೂ ಬೇಕಾಗಲಿಲ್ಲ, ಒಂದು ಮಾತು ಸಾಕಾಯಿತು. ಅಪ್ಪ ಬಿಟ್ಟುಹೋದ ಅಂಗಡಿಯಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಮಾಡುತ್ತಿದ್ದ ಕಾಲ. ತಮ್ಮ ಕೂರಿಸಿದ ಒಂದು ಚಕ್ರವನ್ನು ಗಾಳಿಯಣ್ಣ ತಿರುಗಿಸಿ ನೋಡಿದ. ಕೂದಲೆಳೆಯಷ್ಟು ಬಳುಕುತ್ತಿತ್ತು. ಅಂಗಡಿ ತುಂಬ ಗಿರಾಕಿಗಳಿದ್ದರು. ಅವರ ಮುಂದೆಯೇ, ‘ಇದು ಕೈಯಲ್ಲಿ ಮಾಡಿದ ಕೆಲಸವೋ, ಕಾಲಲ್ಲಿ ಮಾಡಿದ್ದೋ?’ ಎಂದುಬಿಟ್ಟ. ಎಲ್ಲರೂ ನಕ್ಕರು. ಪಕ್ಕದ ಅಂಗಡಿಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕ. ತಮ್ಮ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟು, ಕೈ ಒರೆಸಿಕೊಂಡು ಹೊರಗೆ ಹೋದ. ಮುಂದಿನ ತಿಂಗಳು ಎದುರಿಗೆ ಬೋರ್ಡು ಹಾಕಿದ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ದಿನಕ್ಕೆ ಇಪ್ಪತ್ತು ತೂತು ಮುಚ್ಚುವ ಮನುಷ್ಯನಿಗೆ ಈ ಒಂದು ಮಾತನ್ನು ಮುಚ್ಚಲು ಆಗಲಿಲ್ಲ.

ಬೋರ್ಡು ಹಾಕಿದವನು ಇನ್ನೊಂದನ್ನೂ ಮಾಡಿದ. ಅಪ್ಪನ ಕಾಲದಿಂದ ಅಂಗಡಿಗೊಂದು ಪದ್ಧತಿ ಇತ್ತು. ಸೈಕಲ್ಲು ರಿಪೇರಿಗೆ ಬಂದೊಡನೆ ಹ್ಯಾಂಡಲ್ಲಿಗೆ ಒಂದು ಬಿಳಿ ದಾರ ಕಟ್ಟುವುದು, ಕೆಲಸ ಮುಗಿದ ಮೇಲೆ ಕತ್ತರಿಸುವುದು. ದಾರ ಇದ್ದರೆ ಕೆಲಸ ಬಾಕಿ, ಇಲ್ಲದಿದ್ದರೆ ಪೂರ್ತಿ. ಗಾಳಿಯಣ್ಣ ಅದನ್ನೇ ಪಾಲಿಸಿಕೊಂಡು ಬಂದ. ತಮ್ಮ ಅದನ್ನು ತಿರುಗುಮುರುಗು ಮಾಡಿದ. ಕೆಲಸ ಮುಗಿದ ಸೈಕಲ್ಲಿಗೇ ದಾರ ಕಟ್ಟಿ ಕೊಡತೊಡಗಿದ. ಗಿರಾಕಿಗಳಿಗೆ ಮೊಹರು ಒತ್ತಿ ಕೊಟ್ಟ ಹಾಗೆ ಕಂಡು ಅದೇ ಇಷ್ಟವಾಯಿತು. ಇಬ್ಬರಿಗೂ ದಾರ ಕೊಡುತ್ತಿದ್ದವನು ಅದೇ ದರ್ಜಿ. ಒಂದೇ ಉಂಡೆಯ ದಾರ, ಈ ಬದಿಗೆ ಒಂದರ್ಥ, ಆ ಬದಿಗೆ ಇನ್ನೊಂದರ್ಥ ಎಂದು ಅವನು ತಮಾಷೆ ಮಾಡುತ್ತಿದ್ದ. ಇದು ಗಾಳಿಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಅವನೂ ಯಾವತ್ತೂ ಹೇಳಲಿಲ್ಲ.

ಎರಡು ಅಂಗಡಿಗಳ ನಡುವೆ ರಸ್ತೆ ದಾಟುತ್ತಿದ್ದವಳು ಒಬ್ಬಳೇ, ತಮ್ಮನ ಮಗಳು. ಮಾತು ಕಲಿತಾಗಿನಿಂದ ಬಾಯಿ ಮುಚ್ಚದವಳು. ಸೈಕಲ್ಲಿನ ಬೆಲ್ಲಿನ ಹಾಗೆ ಎಂದು ದೊಡ್ಡಪ್ಪನೇ ಅವಳಿಗೆ ಬೆಲ್ಲು ಎಂದು ಹೆಸರಿಟ್ಟಿದ್ದ. ಮಕ್ಕಳಿಲ್ಲದ ಗಾಳಿಯಣ್ಣನ ಮನೆಯಲ್ಲಿ ಅವಳ ತಟ್ಟೆ ಬೇರೆ, ಲೋಟ ಬೇರೆ ಇತ್ತು. ಅಪ್ಪನಿಗೆ ಗೊತ್ತಾಗದ ಹಾಗೆ ಬರುತ್ತೇನೆ ಎಂದು ಅವಳು ಅಂದುಕೊಂಡಿದ್ದಳು. ರಸ್ತೆ ದಾಟುವವಳನ್ನು ಎದುರು ಅಂಗಡಿಯವನು ನೋಡದೆ ಇರುತ್ತಾನೆಯೇ? ನೋಡಿಯೂ ನೋಡದ ಹಾಗೆ ತಲೆ ಬಗ್ಗಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದ.

ಬೆಲ್ಲು ದೊಡ್ಡವಳಾಗಿ ಊರಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದಳು. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ಊರಿನಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ ಎಂದು ಎರಡು ಪಾಲು. ಕಾರ್ಖಾನೆಯಲ್ಲಿ ಜಗಳವಾದ ವರ್ಷದಿಂದ ಇವರು ಅವರ ಬಾವಿಗೆ ಹೋಗರು, ಅವರು ಇವರ ಟೀ ಅಂಗಡಿಗೆ ಬಾರರು. ಸ್ವಾತಂತ್ರ್ಯದ ದಿನ ಎಲ್ಲ ಬೀದಿಯವರೂ ಒಂದೇ ಸಾಲಿನಲ್ಲಿ ಸೈಕಲ್ ಹೊಡೆಯಬೇಕು, ನೀರಿನ ಟ್ಯಾಂಕಿನಿಂದ ಇಳಿದು ಪೇಟೆಯ ಚೌಕಕ್ಕೆ ಹೋಗಬೇಕು ಎಂದು ಅವಳ ತಲೆಗೆ ಹೊಳೆಯಿತು. ಹೊಳೆದ ಮೇಲೆ ಬಿಡುವ ಜಾತಿಯವಳಲ್ಲ. ಸಮಿತಿ ಮಾಡಿದಳು, ಬ್ಯಾನರು ಬರೆಸಿದಳು. ಸೈಕಲ್ ಇಲ್ಲದವರಿಗಾಗಿ ಮನೆಮನೆಯ ಮೂಲೆಯಲ್ಲಿ ತುಕ್ಕು ತಿನ್ನುತ್ತಿದ್ದ ಅರವತ್ತು ಹಳೆಯ ಸೈಕಲ್ಲುಗಳನ್ನು ಶಾಲೆಯ ಅಂಗಳಕ್ಕೆ ತರಿಸಿ ಒಟ್ಟಿದಳು. ಆಮೇಲೆ ದೊಡ್ಡಪ್ಪನ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕೂತಳು.

‘ಬ್ಯಾನರಲ್ಲಿ ಒಗ್ಗಟ್ಟು ಅಂತ ಇಷ್ಟು ದೊಡ್ಡದಾಗಿ ಬರೆಸಿದ್ದೀನಿ ದೊಡ್ಡಪ್ಪ. ರಿಪೇರಿ ಮಾಡೋ ಇಬ್ಬರೇ ಮುಖ ನೋಡಲ್ಲ ಅಂದ್ರೆ ಜನ ನನ್ನ ನೋಡಿ ನಗ್ತಾರೆ. ಮೂವತ್ತು ನೀನು, ಮೂವತ್ತು ಅಪ್ಪ. ಮಾತಾಡಬೇಡಿ, ಬಿಡಿ. ಒಂದೇ ಅಂಗಳದಲ್ಲಿ ಕೂತ್ಕೊಳ್ಳಿ, ಸಾಕು.’

ಮೂರು ದಿನ ಅಣ್ಣತಮ್ಮಂದಿರು ಶಾಲೆಯ ಅಂಗಳದ ಎರಡು ತುದಿಯಲ್ಲಿ ಕೂತು ಕೆಲಸ ಮಾಡಿದರು. ಬೆಲ್ಲು ನಡುವೆ ಓಡಾಡುತ್ತ ಟೀ ಕೊಟ್ಟಳು, ಆ ಕಡೆಯ ಸುದ್ದಿ ಈ ಕಡೆಗೆ, ಈ ಕಡೆಯದು ಆ ಕಡೆಗೆ ಸಾಗಿಸಿದಳು. ಎರಡನೆಯ ದಿನ ತಮ್ಮ ತನ್ನ ಡಬ್ಬಿಯಲ್ಲಿ ಸಣ್ಣ ಸ್ಪ್ಯಾನರಿಗಾಗಿ ತಡಕಾಡುವುದನ್ನು ಕಂಡು ಗಾಳಿಯಣ್ಣ ತನ್ನದನ್ನು ನೆಲದ ಮೇಲೆ ಜಾರಿಸಿದ. ಅದು ಸಿಮೆಂಟಿನ ಮೇಲೆ ಕಿರ್ರೆನ್ನುತ್ತ ಹೋಗಿ ತಮ್ಮನ ಕಾಲಿಗೆ ತಗಲಿತು. ತಮ್ಮ ಎತ್ತಿಕೊಂಡ. ಕೆಲಸ ಮುಗಿಸಿ ಮತ್ತೆ ಜಾರಿಸಿದ. ಬೆಲ್ಲು ಅದನ್ನು ನೋಡಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು ಎಂದು, ದಾರ ಕೊಡಲು ಅಲ್ಲಿಗೆ ಬಂದಿದ್ದ ದರ್ಜಿ ಆಮೇಲೆ ಹೇಳಿದ. ಗಾಳಿಯಣ್ಣ ಆ ದಿನ ಮನೆಗೆ ಹೋಗಿ ಒಂದು ತುತ್ತು ಹೆಚ್ಚು ಉಂಡ.

ಸವಾರಿಯ ದಿನ ಬೆಳಿಗ್ಗೆ ಶಾಲೆಯ ಅಂಗಳ ಸಂತೆಯಾಗಿತ್ತು. ಮೇಲಿನ ಬೀದಿಯವರು, ಕೆಳಗಿನ ಬೀದಿಯವರು, ಕಾಗದದ ಬಾವುಟ, ಪೀಪಿ, ಕ್ಯಾಮೆರಾ. ಫೋಟೋ ಚೆನ್ನಾಗಿ ಬರಲೆಂದು ಸಮಿತಿಯ ಯಾರೋ ಎರಡು ತುದಿಯ ಸೈಕಲ್ಲುಗಳನ್ನೂ ತಂದು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದರು. ಒಗ್ಗಟ್ಟು ಅಲ್ಲವೇ! ತಮ್ಮನ ಕೈಯಲ್ಲಿ ಇನ್ನೂ ಐದು ಸೈಕಲ್ಲು ಬಾಕಿ ಇದ್ದವು. ಬೇಗ ಬೇಗ ಎಂದು ಜನ ಅವನ ನೆತ್ತಿಯ ಮೇಲೆ ನಿಂತಿದ್ದರು. ನಾಲ್ಕನ್ನು ಮುಗಿಸಿ ಐದನೆಯದಕ್ಕೆ ಬ್ರೇಕಿನ ವೈರು ಸಿಕ್ಕಿಸುತ್ತಿರುವಾಗ, ಸವಾರಿ ಉದ್ಘಾಟಿಸಲು ಬಂದ ಅತಿಥಿಯ ಸೈಕಲ್ಲಿನ ಚೈನು ಬಿದ್ದಿದೆ ಎಂದು ಯಾರೋ ಬಂದು ಅವನನ್ನು ಟ್ಯಾಂಕಿನ ಬಳಿಗೆ ಎಳೆದುಕೊಂಡು ಹೋದರು. ಐದನೆಯದನ್ನು ಅವನು ಹಿಂದಿನ ಗೋಡೆಗೆ ಒರಗಿಸಿ ಹೋದ. ಎರಡು ವೈರೂ ಸಿಕ್ಕಿಸಿಯಾಗಿತ್ತು, ನಟ್ಟು ಬಿಗಿದಿರಲಿಲ್ಲ. ದಾರ ಕಟ್ಟಿರಲಿಲ್ಲ.

ಗೇಟಿನಲ್ಲಿ ಕೊನೆಯ ಪರೀಕ್ಷೆಗೆ ಬೆಲ್ಲು ದೊಡ್ಡಪ್ಪನನ್ನು ನಿಲ್ಲಿಸಿದ್ದಳು. ಅರವತ್ತು ಸೈಕಲ್ಲೂ ಅವನ ಕೈ ದಾಟಿ ಹೋಗಬೇಕು. ಹೊಸ ಅಂಗಿ ತೊಟ್ಟು ನಿಂತಿದ್ದ ಗಾಳಿಯಣ್ಣ ಅಲ್ಲಿ ಮಾಡಿದ್ದನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ. ಹ್ಯಾಂಡಲ್ಲಿಗೆ ದಾರ ಕಟ್ಟಿದ್ದು ಬಂದರೆ ಅದು ತಮ್ಮನ ಕೆಲಸ. ಅದನ್ನು ನಿಲ್ಲಿಸಿ ಎರಡು ಬ್ರೇಕನ್ನೂ ಹಿಂಡಿ, ಮುಂದೆ ಹಿಂದೆ ದೂಡಿ, ಚಕ್ರ ಎತ್ತಿ ತಿರುಗಿಸಿ ನೋಡುತ್ತಿದ್ದ. ಮೂರಕ್ಕೆ ಸ್ಪ್ಯಾನರು ಹಾಕಿ ಬಿಗಿದ. ಅವುಗಳಲ್ಲಿ ಎರಡು ಬಿಗಿಯಾಗಿಯೇ ಇದ್ದವು, ಸುತ್ತ ಜನ ನೋಡುತ್ತಿದ್ದರು ಎಂದು ಬಿಗಿದ. ದಾರವಿಲ್ಲದ್ದು ಬಂದರೆ ಅದು ತನ್ನ ಕೆಲಸ. ಸೀಟಿನ ಮೇಲೆ ಒಂದು ಏಟು ತಟ್ಟಿ ‘ನಡಿ’ ಎನ್ನುತ್ತಿದ್ದ. ತನ್ನ ಬೆನ್ನು ತನಗೆ ಕಾಣುತ್ತದೆಯೇ?

ಬೆಲ್ಲು ಎಲ್ಲರಿಗಿಂತ ಕೊನೆಗೆ ಬಂದಳು. ಕೆಳಗಿನ ಬೀದಿಯಿಂದ ತಡವಾಗಿ ಓಡಿಬಂದ ಒಬ್ಬ ಹೆಂಗಸಿಗೆ ಸೈಕಲ್ಲಿರಲಿಲ್ಲ. ತನ್ನ ಸ್ವಂತದ್ದನ್ನು ಅವಳಿಗೆ ಕೊಟ್ಟು, ಹಿಂದಿನ ಗೋಡೆಗೆ ಒರಗಿದ್ದ ಒಂದನ್ನು ತಳ್ಳಿಕೊಂಡು ಬಂದಿದ್ದಳು. ಕೂದಲಿಗೆ ಕಾಗದದ ಬಾವುಟ ಸಿಕ್ಕಿಸಿಕೊಂಡಿದ್ದಳು.

‘ನನ್ನದು ನೋಡಲ್ವಾ ದೊಡ್ಡಪ್ಪ?’

ಗಾಳಿಯಣ್ಣ ಹ್ಯಾಂಡಲ್ಲು ನೋಡಿದ. ದಾರ ಇರಲಿಲ್ಲ.

‘ನನ್ನ ಕೈಯಲ್ಲಾದ ಕೆಲಸ ಅದು, ನೋಡೋದೇನಿದೆ? ಹೋಗು’ ಎಂದ. ಸೀಟು ತಟ್ಟಿದ.

ಟ್ಯಾಂಕಿನವರೆಗೆ ದಾರಿ ಸಪಾಟು. ಜನ ಕಿಕ್ಕಿರಿದಿದ್ದರು, ಸೈಕಲ್ಲುಗಳು ನಡೆಯುವವರಿಗಿಂತ ನಿಧಾನವಾಗಿ ಹೋಗುತ್ತಿದ್ದವು. ಮೆಲ್ಲಗೆ ಹಿಡಿದರೆ ನಿಲ್ಲುವಷ್ಟು ಹಿಡಿತ ಆ ವೈರುಗಳಲ್ಲಿತ್ತು. ಟ್ಯಾಂಕು ದಾಟಿದ ಮೇಲೆ ಇಳಿಜಾರು. ಮುಂದಿನವರೆಲ್ಲ ಹಾಡುತ್ತ ಇಳಿದು ಹೋದರು. ಬೆಲ್ಲು ಸಾಲಿನ ಹಿಂದೆ ಮುದುಕರನ್ನೂ ಮಕ್ಕಳನ್ನೂ ಹೊರಡಿಸಿ ಕೊನೆಗೆ ಹತ್ತಿದಳು. ಅರ್ಧ ಇಳಿಜಾರಿನಲ್ಲಿ ಜೋರಾಗಿ ಬ್ರೇಕು ಹಿಡಿದಾಗ ಎರಡು ವೈರೂ ನಟ್ಟಿನಿಂದ ಕಳಚಿ ಬಂದವು. ಮುಂದೆ ಮಕ್ಕಳಿದ್ದರು. ಅವಳು ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದಳು. ಎಡಕ್ಕೆ ಗೋದಾಮಿನ ಕಲ್ಲುಗೋಡೆ ಇತ್ತು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಚೌಕದಲ್ಲಿ ಇನ್ನೂ ಪೀಪಿ ಊದುತ್ತಿದ್ದರು. ಸುದ್ದಿ ಅಲ್ಲಿಗೆ ತಲುಪಲು ಸ್ವಲ್ಪ ಹೊತ್ತು ಹಿಡಿಯಿತು.

ಊರು ಎಷ್ಟು ಬೇಗ ತೀರ್ಪು ಕೊಡುತ್ತದೆ! ಮುರಿದ ಸೈಕಲ್ಲು ಯಾರ ಪಾಲಿನದು ಎಂದು ಸಮಿತಿಯ ಪಟ್ಟಿ ನೋಡಿದರು. ತಮ್ಮನದು. ಗೇಟಿನಲ್ಲಿ ಗಾಳಿಯಣ್ಣ ತಮ್ಮನ ಸೈಕಲ್ಲುಗಳನ್ನು ಒಂದೊಂದಾಗಿ ಹಿಂಡಿ ನೋಡಿದ್ದನ್ನು ನೂರು ಕಣ್ಣು ನೋಡಿದ್ದವು. ಅಂದಮೇಲೆ ಗೇಟಿನಲ್ಲಿ ಹಿಡಿದ ಬ್ರೇಕು ಇಳಿಜಾರಿನಲ್ಲಿ ಜಾರಿದೆ, ತಮ್ಮ ನಟ್ಟನ್ನು ಅರ್ಧ ಬಿಗಿದು ದಾರ ಕಟ್ಟಿದ್ದಾನೆ ಎಂದು ಎಲ್ಲರೂ ಒಪ್ಪಿಕೊಂಡರು. ಗೋಡೆಗೆ ಬಡಿದು ಮುರಿದ ಹ್ಯಾಂಡಲ್ಲಿನಲ್ಲಿ ದಾರ ಹುಡುಕಲು ಯಾರಿಗೂ ತೋಚಲಿಲ್ಲ. ಹನ್ನೊಂದು ವರ್ಷದ ಹಿಂದಿನ ಮಾತನ್ನು ಯಾರು ಅಗೆದು ತೆಗೆದರೋ, ಟೀ ಅಂಗಡಿಯಲ್ಲಿ ಓಡಾಡತೊಡಗಿತು. ಕಾಲಲ್ಲಿ ಮಾಡಿದ ಕೆಲಸ. ಅಣ್ಣ ಆಗಲೇ ಹೇಳಿದ್ದ. ಮೇಲಿನ ಬೀದಿ, ಕೆಳಗಿನ ಬೀದಿ ಎರಡೂ ಇದೊಂದು ವಿಷಯದಲ್ಲಿ ಒಗ್ಗಟ್ಟಾಗಿದ್ದವು.

ಗಾಳಿಯಣ್ಣ ಬಾಯಿ ಬಿಡಲಿಲ್ಲ. ಮೊದಲ ಕೆಲವು ದಿನ ಅವನಿಗೆ ಬಾಯಿ ಇದೆ ಎಂಬುದೇ ಮರೆತುಹೋಗಿತ್ತು ಎನ್ನಬಹುದು. ಬೆಲ್ಲುವಿನ ತಟ್ಟೆಯನ್ನು ಹೆಂಡತಿ ಎಲ್ಲಿಟ್ಟಳೋ ಅವನು ಕೇಳಲಿಲ್ಲ. ಆಮೇಲೆ ಬಾಯಿ ಇದೆ ಎಂದು ನೆನಪಾಯಿತು, ಆಗಲೂ ಬಿಡಲಿಲ್ಲ. ಇಬ್ಬರ ಮನೆಯಲ್ಲೂ ಹೊಗೆಯಾಡುತ್ತಿದ್ದ ದುಃಖದ ಅಡಿಯಲ್ಲಿ ಅವನ ಹತ್ತಿರ ಮಾತ್ರ ಎರಡು ಪದ ಬೇರೆ ಇದ್ದವು. ದಾರ ಇರಲಿಲ್ಲ. ಅಷ್ಟು ಹೇಳಿದರೆ ತಮ್ಮ ತನ್ನ ಪದ್ಧತಿಗೆ ಸರಿಯಾಗಿ ನಡೆದುಕೊಂಡಿದ್ದ, ಮುಗಿಯದ ಕೆಲಸವನ್ನು ಮುಗಿಯಿತು ಎಂದು ಹೇಳಿರಲಿಲ್ಲ ಎಂದು ಗೊತ್ತಾಗುತ್ತಿತ್ತು. ಮತ್ತೆ ಗೇಟಿನಲ್ಲಿ ನಿಂತವನ ಗತಿ ಏನು ಎಂಬುದೂ ಗೊತ್ತಾಗುತ್ತಿತ್ತು.

ತಮ್ಮನ ಹೆಂಡತಿ ಗಂಡನ ಮುಖ ನೋಡುವುದನ್ನು ಬಿಟ್ಟಳು. ಬಯ್ಯಲಿಲ್ಲ, ಅಳಲಿಲ್ಲ, ಒಂದು ಚೀಲ ತುಂಬಿಕೊಂಡು ತನ್ನ ಅಕ್ಕನ ಮನೆಗೆ ಹೋದಳು. ಕರೆಯಲು ಹೋದ ಗಾಳಿಯಣ್ಣನ ಹೆಂಡತಿಗೆ, ಅವರ ಕೈ ನೋಡಿದರೆ ನನಗೆ ಆಗಲ್ಲ ಅಕ್ಕ ಎಂದಳಂತೆ. ಮನೆಗೆ ಬಂದು ಹೆಂಡತಿ ಇದನ್ನು ಹೇಳುವಾಗ ಗಾಳಿಯಣ್ಣ ಎದ್ದು ಹೊರಗೆ ಹೋದ.

ಮೂರನೆಯ ವಾರ ತಮ್ಮ ತನ್ನ ಅಂಗಡಿಯ ಬೋರ್ಡು ಇಳಿಸಿ, ರಸ್ತೆ ದಾಟಿ ಬಂದ. ಹಗಲು ಹತ್ತು ಗಂಟೆ. ಇಬ್ಬರು ಗಿರಾಕಿಗಳಿದ್ದರು, ದರ್ಜಿ ಇದ್ದ. ತಮ್ಮ ಒಳಗೆ ಬಂದು ಅಪ್ಪ ಕೂರುತ್ತಿದ್ದ ಮಣೆಯ ಹತ್ತಿರ ನಿಂತ.

‘ಅಣ್ಣ’ ಎಂದ. ‘ನೀನು ಅವತ್ತು ಸರಿಯಾಗೇ ಹೇಳಿದ್ದೆ. ನನ್ನದು ಕಾಲಲ್ಲಿ ಮಾಡೋ ಕೆಲಸ. ಆ ಗಡಿಬಿಡಿಯಲ್ಲಿ ಬಿಗಿದೆನೋ ಇಲ್ವೋ, ದಾರ ಕಟ್ಟಿದೆನೋ ಇಲ್ವೋ, ಎಷ್ಟು ನೆನಪು ಮಾಡ್ಕೊಂಡ್ರೂ ಗೊತ್ತಾಗ್ತಿಲ್ಲ.’

ಹನ್ನೊಂದು ವರ್ಷ ಕಾದ ಮಾತು ಅದು, ಅಣ್ಣ ಎನ್ನುವುದು. ಗಾಳಿಯಣ್ಣ ಎದ್ದು ತಮ್ಮನನ್ನು ತಬ್ಬಿಕೊಂಡ. ಇಬ್ಬರೂ ಅತ್ತರು, ನೋಡಿದವರೂ ಅತ್ತರು. ಆ ಎರಡು ಪದ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹೇಳಿದರೆ ಈಗಷ್ಟೇ ಬಂದ ತಮ್ಮ ಮತ್ತೆ ರಸ್ತೆ ದಾಟಿ ಹೋಗುತ್ತಾನೆ, ಈ ಸಲ ಹೋದರೆ ಎದುರಿಗೂ ಇರುವುದಿಲ್ಲ ಎಂದು ಗಾಳಿಯಣ್ಣ ಆ ಪದಗಳನ್ನು ನುಂಗಿಕೊಂಡ, ಅವು ಎದೆಯಲ್ಲಿ ಕಲ್ಲಾಗಿ ಕೂತವು. ಹೇಗೋ ಮನೆ ಒಂದಾಯಿತು, ಬೆಲ್ಲುವಿನ ಆಸೆ ಇದೇ ಆಗಿತ್ತು ಎಂದು ದರ್ಜಿ ಮೂಗು ಒರೆಸಿಕೊಂಡ.

ತಮ್ಮ ಅಣ್ಣನ ಅಂಗಡಿಯಲ್ಲಿ ಕೆಲಸಕ್ಕೆ ಕೂತ. ಕೂತನೆಂದರೆ ಕೂತ, ಅಷ್ಟೇ. ಹಿಂದೆ ಕಣ್ಣು ಮುಚ್ಚಿ ಚಕ್ರ ಕಟ್ಟುತ್ತಿದ್ದವನು ಈಗ ಒಂದು ನಟ್ಟು ಬಿಗಿದು, ಸಡಿಲಿಸಿ, ಮತ್ತೆ ಬಿಗಿಯುತ್ತಿದ್ದ. ಪಂಕ್ಚರಿಗೆ ಬಂದ ಸೈಕಲ್ಲಿನ ಬ್ರೇಕೂ ನೋಡುತ್ತಿದ್ದ. ಪ್ರತಿಯೊಂದನ್ನೂ ತಳ್ಳಿಕೊಂಡು ಬಂದು ಅಣ್ಣನ ಮುಂದೆ ನಿಲ್ಲಿಸಿ, ನೋಡು ಎನ್ನುತ್ತಿದ್ದ. ಅಣ್ಣ ಹಿಂಡಿ ನೋಡಿ ಸರಿಯಿದೆ ಎಂದ ಮೇಲೆ ಗಿರಾಕಿಗೆ ಕೊಡುತ್ತಿದ್ದ. ದಿನಕ್ಕೆ ಹತ್ತು ಸಲ, ಹದಿನೈದು ಸಲ. ಕೆಲಸ ಗಟ್ಟಿಯಾಗಿತ್ತು. ನಿಜ ಹೇಳಬೇಕೆಂದರೆ ಗಾಳಿಯಣ್ಣನ ಕೆಲಸಕ್ಕಿಂತ ಚೊಕ್ಕಟವಾಗಿತ್ತು, ಯಾವಾಗಲೂ ಹಾಗೆಯೇ ಇತ್ತು. ಹನ್ನೊಂದು ವರ್ಷ ಎದುರು ಕೂತು ಅದನ್ನು ನೋಡಿದವನು ಗಾಳಿಯಣ್ಣ. ಅವನಿಗೆ ಅದು ಗೊತ್ತಿರಲಿಲ್ಲವೇ?

ಒಂದು ಮಧ್ಯಾಹ್ನ ತಮ್ಮ ಒಂದೇ ಸೈಕಲ್ಲನ್ನು ಮೂರನೆಯ ಸಲ ತಂದು ನಿಲ್ಲಿಸಿದ. ಹಾಲಿನವನದು. ಎರಡು ಸಲ ಸರಿಯಿದೆ ಎಂದಾಗಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ದರ್ಜಿ ಊಟಕ್ಕೆ ಹೋಗಿದ್ದ. ತಮ್ಮನ ಕೈ ಬ್ರೇಕನ್ನು ಹಿಂಡಿ, ಬಿಟ್ಟು, ಮತ್ತೆ ಹಿಂಡುತ್ತಿತ್ತು. ಗಾಳಿಯಣ್ಣ ಅದನ್ನು ನೋಡಿದ. ಹೆತ್ತ ಮಗಳನ್ನು ಕೊಂದೆ ಎಂದು ನಂಬಿದ ಕೈ ಅದು, ಕೊಂದಿರಲಿಲ್ಲ. ಇನ್ನು ತಡೆಯಲಾರೆ ಎನಿಸಿತು.

‘ದಾರ ಇರಲಿಲ್ಲ ಕಣೋ’ ಎಂದ.

ತಮ್ಮನಿಗೆ ಅರ್ಥವಾಗಲಿಲ್ಲ.

‘ಅವತ್ತು. ಬೆಲ್ಲು ತಂದ ಸೈಕಲ್ಲಿಗೆ ನೀನು ದಾರ ಕಟ್ಟಿರಲಿಲ್ಲ. ನಾನು ಕಣ್ಣಾರೆ ನೋಡ್ದೆ. ನಿನ್ನ ತಪ್ಪಿಲ್ಲ. ಬಿಟ್ಟೋನು ನಾನು.’

ತಮ್ಮ ಅಣ್ಣನ ಮುಖ ನೋಡಿದ. ಅವನ ಕಣ್ಣು ತುಂಬಿ ಬಂತು. ಗಾಳಿಯಣ್ಣ ಏಟಿಗೆ ಕಾಯುವವನ ಹಾಗೆ ಕೂತಿದ್ದ. ಹೊಡೆದರೆ ಹೊಡೆಯಲಿ, ಸ್ಪ್ಯಾನರಿನಲ್ಲೇ ಹೊಡೆಯಲಿ ಎಂದುಕೊಂಡ. ತಮ್ಮ ಬಗ್ಗಿ ಅಣ್ಣನ ಮಂಡಿಯ ಮೇಲೆ ಕೈಯಿಟ್ಟ.

‘ನನ್ನ ಸಮಾಧಾನಕ್ಕೆ ಇಷ್ಟು ದೊಡ್ಡ ಸುಳ್ಳು ಹೊತ್ಕೋಬೇಡ ಅಣ್ಣ. ಗೇಟಲ್ಲಿ ನೀನು ಒಂದೊಂದೂ ಹಿಂಡಿ ನೋಡಿದ್ದು ಇಡೀ ಊರಿಗೆ ಗೊತ್ತು. ನಟ್ಟು ಬಿಗಿಯದ ಸೈಕಲ್ಲನ್ನ ನೀನು ಬಿಡ್ತೀಯಾ? ಅದೂ ಬೆಲ್ಲು ಕೈಗೆ?’

ಇನ್ನೊಂದು ವಾಕ್ಯ ಉಳಿದಿತ್ತು. ಹಿಂಡಿ ನೋಡಿದ್ದು ನಿನ್ನವನ್ನು ಮಾತ್ರ, ನಿನ್ನ ಮೇಲೆ ನಂಬಿಕೆಯಿಲ್ಲದೆ ನೋಡಿದೆ, ನನ್ನದೆಂದುಕೊಂಡ ಒಂದನ್ನೂ ನೋಡಲಿಲ್ಲ. ನೋಡಲ್ವಾ ಎಂದು ಅವಳು ಕೇಳಿದಳು, ಆದರೂ ನೋಡಲಿಲ್ಲ. ಅದನ್ನು ಹೇಳಿದರೆ ತಮ್ಮ ನಂಬುತ್ತಿದ್ದ. ಅದು ಗಾಳಿಯಣ್ಣನ ನಾಲಿಗೆಯ ತುದಿಯವರೆಗೂ ಬಂದಿತ್ತು.

‘ಅವಳ ಅಮ್ಮನ ಹತ್ರ ಹೋಗಿ ಹೀಗೆಲ್ಲ ಹೇಳಬೇಡ’ ಎಂದ ತಮ್ಮ, ಮುಖ ಒರೆಸಿಕೊಳ್ಳುತ್ತ. ‘ಅಣ್ಣನ ಹತ್ರ ಸುಳ್ಳು ಹೇಳಿಸ್ತಿದ್ದಾರೆ ಅಂದ್ಕೊಳ್ತಾಳೆ. ನೀನು ಇಷ್ಟು ಅಂದ್ಯಲ್ಲ, ಅದೇ ಸಾಕು ನನಗೆ. ನಿನ್ನಂಥ ಅಣ್ಣನ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟಿದ್ನಲ್ಲ ನಾನು.’

ನಂಬಲಿಲ್ಲವಲ್ಲ ಎಂದು ಗಾಳಿಯಣ್ಣನಿಗೆ ಹಾಯೆನಿಸಿತು. ಎದೆಯೊಳಗಿನ ಕಲ್ಲು ಅಲುಗಿ ಪಕ್ಕಕ್ಕೆ ಸರಿದು, ಅಲ್ಲಿಯೇ ಬೇರೆ ಕಡೆ ಕೂತಿತು. ಹೇಳಿಯಾಯಿತಲ್ಲ, ನಾನು ಹೇಳಿದೆನಲ್ಲ, ಅವನು ನಂಬದಿದ್ದರೆ ನಾನೇನು ಮಾಡಲಿ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗಲೇ ತಾನು ಎಂಥ ಮನುಷ್ಯ ಎಂಬುದು ಅವನಿಗೆ ತಿಳಿಯಿತು. ತಿಳಿದೂ ಬಾಯಿ ತೆರೆಯಲಿಲ್ಲ.

ತಮ್ಮ ಎದ್ದು ಹಾಲಿನವನ ಸೈಕಲ್ಲನ್ನು ಇನ್ನೂ ಹತ್ತಿರಕ್ಕೆ ತಂದ.

‘ಇದೊಂದು ನೋಡಿಬಿಡು ಅಣ್ಣ. ನೀನು ನೋಡಿದ್ರೆ ನನಗೆ ಧೈರ್ಯ.’

ಗಾಳಿಯಣ್ಣ ಎರಡು ಬ್ರೇಕನ್ನೂ ಹಿಂಡಿ ನೋಡಿದ. ಸರಿಯಿದೆ ಎಂದ.